ಒಂದು ಬಡಿತ ಹಿಂದೆ

ಮೆಟಲ್ ಕಾನ್ಸರ್ಟ್ ಬಗ್ಗೆ ನಮ್ಮಲ್ಲಿ ಬರೆಯುವವರು ಎರಡು ಮಾತು ಹೇಳಿ ಮುಗಿಸುತ್ತಾರೆ: ಯಾವ ತಂಡ ಬಂತು, ಎಷ್ಟು ಜನ ಸೇರಿದರು. ಕೇಳುವವರು ಎಷ್ಟು ದೂರ ನಿಂತಿದ್ದರು ಅಂತ ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದದ್ದು ಅದನ್ನೇ. ಬೇರೆ ಸಂಗೀತ ದೂರವನ್ನು ಹೇಗೋ ತಾಳಿಕೊಳ್ಳುತ್ತದೆ, ಮೆಟಲ್ ತಾಳಿಕೊಳ್ಳುವುದಿಲ್ಲ.

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಮೆಟಾಲಿಕಾ ಶೋವನ್ನೇ ನೋಡಿ. ‘ಮಾಸ್ಟರ್ ಆಫ್ ಪಪೆಟ್ಸ್’ ಶುರುವಾದಾಗ ನಾನು ವೇದಿಕೆಯಿಂದ ಸುಮಾರು 100 ಮೀಟರ್ ಹಿಂದೆ ಇದ್ದೆ. ದೊಡ್ಡ ಪರದೆಯ ಮೇಲೆ ಡ್ರಮ್ಮರ್ ಲಾರ್ಸ್ ಉಲ್ರಿಕ್ ಕೋಲು ಇಳಿಸುವುದು ಕಾಣುತ್ತದೆ, ಪೆಟ್ಟಿನ ಸದ್ದು ಆಮೇಲೆ ಬರುತ್ತದೆ. ಲೆಕ್ಕ ಸರಳ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 100 ಮೀಟರ್ ದಾಟಿ ಬರಲು ಸೆಕೆಂಡಿನ ಮೂರನೇ ಒಂದು ಪಾಲಿಗೆ ಹತ್ತಿರ ಹಿಡಿಯುತ್ತದೆ. ಈ ಹಾಡಿನ ಓಟ ನಿಮಿಷಕ್ಕೆ 200 ಬಡಿತಕ್ಕೂ ಹೆಚ್ಚು, ಅಂದರೆ ಅಷ್ಟರೊಳಗೆ ಒಂದು ಇಡೀ ಬಡಿತ ಕಳೆದಿರುತ್ತದೆ. ಕಣ್ಣು ಒಂದು ಬಡಿತದಲ್ಲಿ, ಕಿವಿ ಅದರ ಹಿಂದಿನದರಲ್ಲಿ. ಮೈದಾನದ ಮಧ್ಯೆ ನಿಲ್ಲಿಸುವ ಸ್ಪೀಕರ್ ಗೋಪುರಗಳು ಸದ್ದನ್ನು ಜೋರು ಮಾಡುತ್ತವೆ, ತಡವನ್ನು ಕಳೆಯುವುದಿಲ್ಲ. ಮುಂದಿನ ಸದ್ದಿಗೆ ಹೊಂದಲಿ ಅಂತ ಅವುಗಳನ್ನೂ ಬೇಕೆಂತಲೇ ತಡ ಮಾಡಿ ಬಿಡುತ್ತಾರೆ. ಎತ್ತಿದ ಮುಷ್ಟಿಗಳು ಮುಂದಿನಿಂದ ಹಿಂದಕ್ಕೆ ಅಲೆಯ ಹಾಗೆ ಸರಿಯುತ್ತಿದ್ದವು. ನೋಡಲು ಚೆಂದವೇ. ಆದರೆ ಸಾವಿರಾರು ಜನ ಒಂದೇ ಕ್ಷಣದಲ್ಲಿ ಒಂದೇ ಪೆಟ್ಟಿಗೆ ತಲೆ ಒಗೆಯುವುದರಲ್ಲಿ ಈ ಸಂಗೀತದ ಜೀವ ಇದೆ, ಅಲೆ ಅಂದರೆ ಆ ಒಂದೇ ಕ್ಷಣ ಚೂರಾಗಿದೆ ಅಂತಲೇ ಅರ್ಥ.

ತಂಡದ ನುಡಿಸಾಣಿಕೆಯಲ್ಲಿ ಕೊರತೆ ಇರಲಿಲ್ಲ. 1986ರ ಆ ಹಾಡಿನ ಗಿಟಾರ್ ರಿಫ್ಫನ್ನು ಜೇಮ್ಸ್ ಹೆಟ್‌ಫೀಲ್ಡ್ ಬಲಗೈಯನ್ನು ಬರೀ ಕೆಳಮುಖವಾಗಿ ಹೊಡೆದೇ ನುಡಿಸುತ್ತಾರೆ. ಮೇಲೆ-ಕೆಳಗೆ ಎರಡೂ ಕಡೆ ಹೊಡೆದರೆ ಕೈಗೆ ಸುಲಭ, ಆದರೆ ಪೆಟ್ಟಿನ ತೂಕ ಸಮ ಬರುವುದಿಲ್ಲ. ಎಂಟು ನಿಮಿಷ ದಾಟುವ ಹಾಡಿನಲ್ಲಿ ಆ ಹಟ ಬಿಡದೆ ನಡೆಸುವುದು ದೊಡ್ಡ ಸಾಧನೆ. ಹಿಂದೆ ನಿಂತವನಿಗೆ ಮುಟ್ಟುವುದು ಮಾತ್ರ ಆ ಪೆಟ್ಟುಗಳ ಅಂಚು ಕರಗಿ ಹೋದ ಒಂದು ಗುಂಯ್‌ಗುಡುವಿಕೆ. ನಿಧಾನವಾಗಿ ಏರುವ ‘ಫೇಡ್ ಟು ಬ್ಲ್ಯಾಕ್’ ಅಷ್ಟು ದೂರದಲ್ಲೂ ಮುರಿಯದೆ ತಲುಪಿತು. ವೇಗದ ಹಾಡುಗಳು ಸೋತವು.

ಮೆಟಾಲಿಕಾದಂಥ ತಂಡ ಬೆಂಗಳೂರಿಗೆ ಬಂದದ್ದೇ ಭಾಗ್ಯ, ಸದ್ದಿನ ತಡ ಅಳೆಯುತ್ತಾ ನಿಂತೆಯಲ್ಲ ಅಂತ ಗೆಳೆಯರು ಬೈದಿದ್ದಾರೆ. ಭಾಗ್ಯ ಅಂದುಕೊಂಡದ್ದಕ್ಕೇ ನಾವು ಯಾವುದನ್ನೂ ಪ್ರಶ್ನಿಸದೆ ಉಳಿದೆವು ಅನ್ನುವುದು ನನ್ನ ಉತ್ತರ.

ನಂಗಲಿಯಂಥ ಊರಿನವರಿಗೆ ಈ ದೂರದ ಪ್ರಶ್ನೆ ಇನ್ನೂ ಜರೂರು. ಮುಳಬಾಗಿಲು ತಾಲ್ಲೂಕಿನ ಕೊನೆಯಲ್ಲಿ, ಆಂಧ್ರದ ಗಡಿಗೆ ಅಂಟಿಕೊಂಡ ಊರು ನಮ್ಮದು. ಬೆಂಗಳೂರು 100 ಕಿಲೋಮೀಟರಿಗೂ ಹೆಚ್ಚು. ಅಷ್ಟು ದೂರ ಬಂದವನನ್ನು ಮತ್ತೆ 100 ಮೀಟರ್ ಆಚೆ ನಿಲ್ಲಿಸಿದರೆ ಹೊಟ್ಟೆ ಉರಿಯುತ್ತದೆ. ಒಂದು ಅನುಕೂಲ ಮಾತ್ರ ನಮಗುಂಟು. ರಾತ್ರಿ 10ರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಅಂತ 2000ದ ಶಬ್ದಮಾಲಿನ್ಯ ನಿಯಮ ಹೇಳುವುದರಿಂದ ಬೆಂಗಳೂರಿನ ಬಯಲು ಶೋಗಳು ಅಷ್ಟರೊಳಗೆ ಮುಗಿಯುತ್ತವೆ. ಮೆಜೆಸ್ಟಿಕ್‌ಗೆ ಓಡಿದರೆ ತಿರುಪತಿ ಬಸ್ಸು ಸಿಗುತ್ತದೆ. “ನಂಗಲಿಗೆ ಸ್ಟಾಪ್ ಇಲ್ಲ ಕಣಪ್ಪ, ಮುಳಬಾಗ್ಲಿಗೆ ಇಳ್ಕೊ” ಅಂತಾನೆ ಕಂಡಕ್ಟರ್. “ಚೆಕ್‌ಪೋಸ್ಟ್ ಹತ್ರ ಹೆಂಗೂ ಸ್ಲೋ ಆಗತ್ತಲ್ಲಣ್ಣ, ಅಲ್ಲೇ ಹಾರ್ಕೊಂತೀನಿ.” ಗೋವಿಂದ ಗೋವಿಂದ ಅನ್ನುವವರ ನಡುವೆ ತಲೆಬುರುಡೆ ಚಿತ್ರದ ಕಪ್ಪು ಟೀಶರ್ಟ್ ಹಾಕಿಕೊಂಡು ಕೂತರೂ ಯಾರೂ ಒಂದು ಕೆಟ್ಟ ಮಾತು ಆಡಿಲ್ಲ. “ಎಕ್ಕಡ ಪೋಗ್ರಾಮು ಬಾಬೂ?” ಅಂತ, ಕಾರ್ಯಕ್ರಮ ಎಲ್ಲಿತ್ತು ಅನ್ನುವುದನ್ನು ತೆಲುಗಿನಲ್ಲಿ ವಿಚಾರಿಸಿಕೊಂಡು ಒಂದು ಚಕ್ಕುಲಿ ಕೊಟ್ಟವರೂ ಇದ್ದಾರೆ.

ದೊಡ್ಡ ಮೈದಾನದಲ್ಲಿ ಮೆಟಲ್ ಗೆಲ್ಲುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೇ ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ಐರನ್ ಮೇಡನ್ ಗೆದ್ದಿತ್ತು. ದೆಹಲಿಯ ಪರಿಕ್ರಮ ಅವತ್ತು ಮೊದಲು ನುಡಿಸಿದ ತಂಡಗಳಲ್ಲೊಂದು. ಮೇಡನ್ ಬಯಲಿಗಾಗಿಯೇ ಹಾಡು ಕಟ್ಟುವ ತಂಡ. ‘ಫಿಯರ್ ಆಫ್ ದಿ ಡಾರ್ಕ್’ ಹಾಡಿನ ಆರಂಭದ ಗಿಟಾರ್ ಎಳೆಯನ್ನು ಜನ ಗಿಟಾರಿನ ಜತೆಗೇ ಹಾಡುತ್ತಾರೆ. ಅದರಲ್ಲಿ ಪದವಿಲ್ಲ, ಬರೀ ‘ಓ’ಕಾರ, ನಿಧಾನಗತಿ, ಉದ್ದುದ್ದ ಸ್ವರ. ಸೆಕೆಂಡಿನ ಮೂರನೇ ಪಾಲು ತಡವಾದರೂ ಸ್ವರದ ಮೇಲೆ ಸ್ವರ ಕೂತು ಇನ್ನಷ್ಟು ದಪ್ಪವಾಗುತ್ತದೆಯೇ ಹೊರತು ಕೆಡುವುದಿಲ್ಲ. ಗಾಯಕ ಬ್ರೂಸ್ ಡಿಕಿನ್ಸನ್ ಮೈಕನ್ನು ಜನರ ಕಡೆ ತಿರುಗಿಸಿ ನಿಂತರೂ ಹಾಡು ನಿಲ್ಲಲಿಲ್ಲ. ಇಂಗ್ಲಿಷ್ ಪದಗಳನ್ನು ಅರ್ಧಂಬರ್ಧ ಕೇಳಿಸಿಕೊಂಡು ಬೆಳೆದ ನನ್ನಂಥವನಿಗೆ, ಪಕ್ಕದಲ್ಲಿದ್ದ ಕಾನ್ವೆಂಟ್ ಹುಡುಗನಷ್ಟೇ ಹಕ್ಕಿನಿಂದ ಗಂಟಲು ಬಿಟ್ಟು ಹಾಡುವ ಜಾಗ ಸಿಕ್ಕಿದ್ದು ಆ ಪದವಿಲ್ಲದ ಸಾಲಿನಲ್ಲಿ. ಮೇಡನ್ ತನ್ನ ಹಾಡಿನಲ್ಲೇ ದೂರಕ್ಕೆ ಜಾಗ ಬಿಟ್ಟಿತ್ತು. ಮೆಟಾಲಿಕಾದ ಅತ್ಯುತ್ತಮ ಹಾಡುಗಳಲ್ಲಿ ಆ ಜಾಗವಿಲ್ಲ. ಅವು ಮುಖದ ಮುಂದೆಯೇ ನುಡಿಸಬೇಕಾದವು.

ಹಾಗೆ ಮುಖದ ಮುಂದೆ ಕೇಳಿದ್ದು ಕ್ರಿಪ್ಟೋಸ್ ತಂಡವನ್ನು. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ತಂಡ, 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲೂ ನುಡಿಸಿದೆ. ಮೇಡನ್, ಜೂಡಾಸ್ ಪ್ರೀಸ್ಟ್ ಕಾಲದ ಎರಡು ಗಿಟಾರ್‌ಗಳ ಜೋಡಿ ನುಡಿತವನ್ನು ಇಷ್ಟು ವರ್ಷ ಕೈಬಿಡದೆ ತಿದ್ದಿ ತೀಡಿದ್ದಾರೆ. ಕೆಲವೇ ನೂರು ಜನ ಹಿಡಿಸುವ ಕೋಣೆಯಲ್ಲಿ ನೋಲನ್ ಲೂಯಿಸ್ ಮತ್ತು ರೋಹಿತ್ ಚತುರ್ವೇದಿಯವರ ಗಿಟಾರ್‌ಗಳು ಒಂದನ್ನೊಂದು ಸೇರುವುದು, ಬಿಡುವುದು, ಎಳೆಎಳೆಯಾಗಿ ಕೇಳುತ್ತದೆ. ಡ್ರಮ್ಮಿನ ಪೆಟ್ಟು ಕಿವಿಗಿಂತ ಮೊದಲು ಎದೆಗೂಡಿಗೆ ತಾಗುತ್ತದೆ. ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಕುಣಿಯುವ ಮಾಶ್ ಪಿಟ್ ಎದ್ದದ್ದೂ ಇಂಥ ಪೆಟ್ಟಿಗೇ. ಪಿಟ್ ಅಂದರೆ ಹೊಡೆದಾಟ ಅಂತ ಟಿವಿಯಲ್ಲಿ ನೋಡಿದವರು ಅಂದುಕೊಳ್ಳುತ್ತಾರೆ. ಒಳಗಿನ ಕಟ್ಟುಪಾಡು ಬೇರೆ. ಬಿದ್ದವನನ್ನು ಹತ್ತಿರ ಇರುವವನು ತಕ್ಷಣ ಎತ್ತಬೇಕು, ಮೊಣಕೈ ಮೇಲೆತ್ತಬಾರದು, ಸಿಕ್ಕ ಫೋನು, ಚಪ್ಪಲಿಗಳನ್ನು ಕೈಯೆತ್ತಿ ತೋರಿಸಬೇಕು. ಅವತ್ತು ಒಬ್ಬ ಹುಡುಗನ ಕನ್ನಡಕ ಬಿತ್ತು. ಅವನು “ಅಯ್ಯೋ” ಅಂದದ್ದು ಆ ಸದ್ದಿನಲ್ಲಿ ಯಾರಿಗೂ ಕೇಳಿರಲಾರದು, ಬಗ್ಗಿದ್ದು ಕಂಡಿತು ಅಷ್ಟೇ. ನಾಲ್ಕೈದು ಜನ ಅವನಿಗೆ ಬೆನ್ನು ಕೊಟ್ಟು, ಗುಂಪಿಗೆ ಎದೆ ಕೊಟ್ಟು ಸುತ್ತ ನಿಂತರು. ಮೈಮೇಲೆ ಬೀಳುತ್ತಿದ್ದವರನ್ನು ಅಂಗೈಯಲ್ಲಿ ತಡೆದರು. ಹುಡುಗ ನೆಲ ತಡಕಿ, ಒಂದು ಕಡ್ಡಿ ಸೊಟ್ಟಗಾದ ಕನ್ನಡಕ ಎತ್ತಿ ಹಾಕಿಕೊಂಡು ಹೆಬ್ಬೆರಳು ತೋರಿಸಿದ. ಬೆನ್ನುಗಳ ಸುತ್ತು ಬಿಚ್ಚಿತು. ಗಿಟಾರ್ ಸೋಲೋ ಆಗ ಇನ್ನೂ ನಡೆಯುತ್ತಿತ್ತು. ಲೈವ್ ಮೆಟಲ್‌ನಲ್ಲಿ ಅರ್ಧ ಕೆಲಸ ಜನರದು ಅಂತ ನಾನು ಹೇಳುವುದು ಇಂಥದ್ದನ್ನು ಕಂಡೇ.

ಈ ಅರ್ಧವನ್ನೇ ದೊಡ್ಡ ಶೋಗಳ ಆಯೋಜಕರು ಹಾಳು ಮಾಡುತ್ತಿದ್ದಾರೆ. ಮೆಟಾಲಿಕಾ ಬಂದುಹೋದ ಆಮೇಲಿನ ವರ್ಷಗಳಲ್ಲಿ ಹೋದ ಒಂದು ಶೋನಲ್ಲಿ ವೇದಿಕೆಯ ಮುಂದಿನ ಜಾಗಕ್ಕೆ ಬೇಲಿ ಹಾಕಿ ಹಲವು ಪಟ್ಟು ದುಡ್ಡಿಗೆ ಮಾರಿದ್ದರು. ಆ ಜಾಗ ಅರ್ಧವೂ ತುಂಬಿರಲಿಲ್ಲ, ಇದ್ದವರಲ್ಲಿ ಬಹಳ ಜನ ಫೋನ್ ಎತ್ತಿ ನಿಂತಿದ್ದರು. ಬೇಲಿಯ ಹಿಂದೆ ನಾವು ಉಸಿರು ಬಿಡಲಾಗದಷ್ಟು ಒತ್ತಿಕೊಂಡಿದ್ದೆವು. ತಂಡದ ಮುಂದೆ ಖಾಲಿ ನೆಲ ಇಟ್ಟರೆ ಅವರಾದರೂ ಯಾರಿಗೆ ನುಡಿಸಬೇಕು? ಎರಡನೆಯದು ಸುರಕ್ಷತೆ. ಮೆಟಾಲಿಕಾ ಬೆಂಗಳೂರಿಗೆ ಬರುವ ಎರಡು ದಿನ ಮುಂಚೆ ಗುರ್‌ಗಾಂವ್‌ನಲ್ಲಿ ಮುಂದಿನ ತಡೆಗೋಡೆ ಮುರಿದು ಅದೇ ತಂಡದ ಶೋ ನಿಂತುಹೋಗಿತ್ತು, ರೊಚ್ಚಿಗೆದ್ದವರು ಸಿಕ್ಕಿದ್ದನ್ನು ಒಡೆದಿದ್ದರು. ಪತ್ರಿಕೆಗಳಲ್ಲಿ ಬೈಸಿಕೊಂಡವರು ಮೆಟಲ್ ಅಭಿಮಾನಿಗಳು. ನಾನು ಕೇಳುವುದು ತಡೆಗೋಡೆಯ ಬಗ್ಗೆ. ಸರಿಯಾದ ತಡೆಗೋಡೆಗೆ ಜನರ ಕಡೆ ಒಂದು ಲೋಹದ ಹಲಗೆ ಚಾಚಿರುತ್ತದೆ. ಮುಂದಿನ ಸಾಲಿನವರು ಅದರ ಮೇಲೆಯೇ ನಿಲ್ಲುವುದರಿಂದ ಅವರ ಭಾರವೇ ಗೋಡೆಯನ್ನು ನೆಲಕ್ಕೆ ಹಿಡಿದಿಡುತ್ತದೆ. ಗುಂಪನ್ನು ನಂಬಿ ಮಾಡಿದ ಸಲಕರಣೆ ಅದು.

ನಮ್ಮ ಕಡೆಯವರಿಗೆ ಹತ್ತಿರದ ಸದ್ದು ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ತಮಟೆ ಇದೆ. ಜಾತ್ರೆಯಲ್ಲಿ ಹುಲ್ಲಿನ ಬೆಂಕಿಗೆ ಹಿಡಿದು ಚರ್ಮ ಕಾಯಿಸಿ, ಬೆರಳಿನಿಂದ ತಟ್ಟಿ ನೋಡಿ, ಇನ್ನಷ್ಟು ಕಾಯಿಸಿ, ಆಮೇಲೆ ಸುತ್ತುಗಟ್ಟಿ ಬಾರಿಸುತ್ತಾರೆ. ವೇದಿಕೆಯಿಲ್ಲ, ಮೈಕಿಲ್ಲ, ಕೇಳುವವನಿಗೂ ಬಾರಿಸುವವನಿಗೂ ನಡುವೆ ಎರಡು ಮೊಳ. ಕ್ರಿಪ್ಟೋಸ್ ಕೇಳಿದ ಕೋಣೆಯಲ್ಲಿ ನನ್ನ ಮೈ ಗುರುತು ಹಿಡಿದದ್ದು ಇದನ್ನೇ. ಆದರೆ ಎರಡನ್ನೂ ಒಂದೇ ಅಂದುಬಿಟ್ಟರೆ ತಪ್ಪಾಗುತ್ತದೆ. ಮೆಟಲ್ ನುಡಿಸುವವನು ಇಷ್ಟಪಟ್ಟು ಗಿಟಾರ್ ಹಿಡಿದವನು. ತಮಟೆಯನ್ನು ಒಂದು ಜಾತಿಯ ಕೈಗೆ ಊರು ಬಲವಂತವಾಗಿ ಕೊಟ್ಟಿತ್ತು, ಸಾವಿಗೂ ದೇವರಿಗೂ ಬಾರಿಸಲು ಹಚ್ಚಿ ದೂರ ನಿಲ್ಲಿಸಿತ್ತು. ಅದಕ್ಕೇ ಎಷ್ಟೋ ದಲಿತ ಯುವಕರು ಬಾರಿಸುವುದಿಲ್ಲ ಅಂತ ತಮಟೆ ಕೆಳಗಿಟ್ಟರು, ಇನ್ನು ಕೆಲವರು ಅದನ್ನೇ ಹೋರಾಟದ ಮೆರವಣಿಗೆಗೆ ಎತ್ತಿಕೊಂಡರು. 2007ರವರೆಗೆ ನಮ್ಮ ಕೋಲಾರ ಜಿಲ್ಲೆಗೇ ಸೇರಿದ್ದ ಚಿಕ್ಕಬಳ್ಳಾಪುರ ಸೀಮೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾನು ಹಿಗ್ಗಿದ್ದೆ. ಅಂಥ ಹಿರಿಯರ ಬಡಿತ ಬೆಂಗಳೂರಿನ ಮೆಟಲ್‌ನವರ ಕಿವಿಗೆ ಇನ್ನೂ ಸರಿಯಾಗಿ ಬಿದ್ದಿಲ್ಲ ಅನ್ನುವ ಬೇಸರವೂ ಇದೆ.

ಈ ಬೇಸರ ಭಾಷೆಗೂ ಸೇರುತ್ತದೆ. ದೆಹಲಿಯ ಬ್ಲಡಿವುಡ್ ತಂಡ ಹಿಂದಿ, ಪಂಜಾಬಿ ಪದಗಳನ್ನೂ ಢೋಲನ್ನೂ ತಂದು 2019ರಲ್ಲಿ ವಾಕನ್‌ನಲ್ಲಿ ಕುಣಿಸಿತು. ದೇಶದ ಮೆಟಲ್ ರಾಜಧಾನಿ ಅನ್ನಿಸಿಕೊಂಡ ನಮ್ಮ ಬೆಂಗಳೂರಿನಲ್ಲಿ ನಾನು ನಿಂತ ಯಾವ ವೇದಿಕೆಯ ಮುಂದೂ ಕನ್ನಡದಲ್ಲಿ ಒಂದು ಇಡೀ ಹಾಡು ಕೇಳಲಿಲ್ಲ. ಹಾಡುಗಳ ನಡುವೆ “ಹೇಗಿದೀರಾ ಬೆಂಗಳೂರು” ಅಂದರೆ ಮೈದಾನ ಕಿರುಚುತ್ತದೆ, ಮುಂದಿನ ಹಾಡು ಮತ್ತೆ ಇಂಗ್ಲಿಷ್. ಹ್ರಸ್ವಾಕ್ಷರಗಳ ಬಿರುಸು, ಒತ್ತಕ್ಷರದ ಪೆಟ್ಟು ಇರುವ ಕನ್ನಡ ಒರಟು ಗಂಟಲಿಗೆ ಒಗ್ಗುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪಲಾರೆ. ನಮ್ಮ ಕಡೆಯ ಕೂಗುಮಾತು ಕೇಳಿದವರು ಯಾರೂ ಒಪ್ಪುವುದಿಲ್ಲ.

ಇಂಥ ಕನ್ನಡ ಹಾಡು ಹುಟ್ಟಿದರೂ ಅದು ಅರಮನೆ ಮೈದಾನದಲ್ಲಿ ಹುಟ್ಟುವುದಿಲ್ಲ, ಸಣ್ಣ ಜಾಗದಲ್ಲೇ ಹುಟ್ಟಬೇಕು. ಇವತ್ತು ಆ ಸಣ್ಣ ಜಾಗ ಬಹುಪಾಲು ಪಬ್ಬು. ಕುಡಿಯದವರು, ವಯಸ್ಸು ಸಾಲದವರು, ಒಬ್ಬಳೇ ಬರಲು ಹಿಂಜರಿಯುವ ಹುಡುಗಿ, ಇವರೆಲ್ಲ ಬಾಗಿಲಲ್ಲೇ ಉಳಿಯುತ್ತಾರೆ. ಸಾವಿರ ಜನ ನಿಲ್ಲುವ, ಗೋಡೆಗೆ ಸದ್ದು ಹೀರುವ ಹೊದಿಕೆ ಇರುವ, ಬಾಗಿಲಲ್ಲಿ ಇಯರ್‌ಪ್ಲಗ್ ಕೊಡುವ, ಬಸ್‌ಸ್ಟ್ಯಾಂಡಿಗೆ ನಡೆದು ಹೋಗಬಹುದಾದ ಒಂದು ಹಾಲ್ ಸಾಕು. ಮೆಟಾಲಿಕಾ ಮತ್ತೆ ಬಂದರೆ ನಾನು ಹೋಗುತ್ತೇನೆ. ಆದರೆ ಮಾಲೂರಿನಿಂದಲೋ ಶ್ರೀನಿವಾಸಪುರದಿಂದಲೋ ಮೊದಲ ಸಲ ಹೊರಟ ಹುಡುಗನೋ ಹುಡುಗಿಯೋ ಯಾವುದಕ್ಕೆ ಹೋಗಲಿ ಅಂತ ಕೇಳಿದರೆ, ಕ್ರಿಪ್ಟೋಸ್ ನುಡಿಸುವ ಸಣ್ಣ ಕೋಣೆಗೆ ಹೋಗಿ ಅಂತಲೇ ಹೇಳುತ್ತೇನೆ, ಚಪ್ಪಲಿ ಬಿಟ್ಟು ಶೂ ಹಾಕಿಕೊಂಡು ಹೋಗಿ ಅಂತಲೂ.