ಬೇಲು, ಬೈಂಡು, ಪೆಟ್ಟಿಗೆ

ಯುಗಾದಿಗೆಂದು ಅಮೆರಿಕದಿಂದ ಪಿರಿಯಾಪಟ್ಟಣದ ಹತ್ತಿರದ ತನ್ನೂರಿಗೆ ಬಂದಿದ್ದ ಅಕ್ಕನ ಮಗ, ಸೂಟ್‌ಕೇಸಿನಿಂದ ಟವೆಲ್ಲಿನಲ್ಲಿ ಸುತ್ತಿದ್ದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ತೆಗೆದು ಜಗಲಿಯ ಮೇಲಿಟ್ಟ. ಗಾಜಿನಷ್ಟು ತಿಳಿ, ಗಡುಸು. ಒಳಗೊಂದು ಸ್ಪೈಡರ್‌ಮ್ಯಾನ್ ಕಾಮಿಕ್ಸ್. ಮೇಲಿನ ನೀಲಿ ಪಟ್ಟಿಯಲ್ಲಿ ದೊಡ್ಡದಾಗಿ 9.4 ಎಂದಿತ್ತು. ನಮ್ಮ ಭಾವ ಅದನ್ನೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ, ಕಿವಿಯ ಹತ್ತಿರ ಹಿಡಿದು, ತೆಂಗಿನಕಾಯಿ ನೋಡುವವರ ಹಾಗೆ ಅಲ್ಲಾಡಿಸಿದರು.

“ಅಲ್ಲಾಡಿಸ್ಬೇಡಪ್ಪಾ! ಒಳಗೆ ಅಂಚು ಹೋಗುತ್ತೆ.”

“ಇದ್ರ ಬಾಯಿ ಎಲ್ಲೈತ್ಲಾ?”

“ಬಾಯಿ ಇಲ್ಲ. ಸೀಲ್ ಮಾಡಿರ್ತಾರೆ. ಒಡೆದ್ರೆ ಗ್ರೇಡು ಹೋಯ್ತು.”

“ಹಂಗಾರೆ ಗ್ರೇಡು ಸರಿಯಾಗೈತೆ ಅಂತ ನೀನು ಹೆಂಗ್ ನೋಡ್ದೆ?”

ಭಾವ ಹೊಗೆಸೊಪ್ಪು ಬೆಳೆದು ತಲೆ ಬೆಳ್ಳಗೆ ಮಾಡಿಕೊಂಡವರು. ಗ್ರೇಡು ಎಂಬ ಮಾತನ್ನು ನಮ್ಮ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆ ಯಾರಿಗೂ ಅರ್ಥ ಹೇಳಿಕೊಡಬೇಕಾಗಿಲ್ಲ. ಅಳಿಯ ರಜೆ ಮುಗಿಸಿ ಹೋದ ಮೇಲೆ ನಾನು ಈ ಪೆಟ್ಟಿಗೆಗಳ ವಿಷಯವಾಗಿ ಸಾಕಷ್ಟು ಓದಿದೆ. ಓದಿದ್ದೆಲ್ಲ ಸುತ್ತಿ ಬಳಸಿ ಭಾವ ಕೇಳಿದ ಅದೊಂದು ಪ್ರಶ್ನೆಗೇ ಬಂದು ನಿಲ್ಲುತ್ತಿತ್ತು.

ಈ ವ್ಯವಹಾರಕ್ಕೆ ದಾರಿ ಹಾಕಿದ್ದು 2000ದಲ್ಲಿ ಅಮೆರಿಕದಲ್ಲಿ ಶುರುವಾದ ಸಿಜಿಸಿ ಎಂಬ ಕಂಪನಿ. ನಿಮ್ಮ ಹಳೆಯ ಕಾಮಿಕ್ಸ್ ಕಳಿಸಿದರೆ ಅವರು ಪುಟ ಎಣಿಸಿ, ಮಡಿಕೆ, ಕಲೆ, ಪಿನ್ನಿನ ತುಕ್ಕು, ಬೆನ್ನಿನ ಮೇಲಿನ ಸಣ್ಣ ಗೆರೆ ಎಲ್ಲವನ್ನೂ ನೋಡಿ 0.5ರಿಂದ 10ರವರೆಗೆ ಒಂದು ಅಂಕ ಕೊಡುತ್ತಾರೆ. ಆಮೇಲೆ ಕಾಗದದ ಆಮ್ಲ ಹೀರುವ ಹಾಳೆಗಳನ್ನು ಒಳಗಿಟ್ಟು, ಮೆತ್ತನೆಯ ಪ್ಲಾಸ್ಟಿಕ್ಕಿನ ಒಳಚೀಲಕ್ಕೆ ಹಾಕಿ, ಅದರ ಮೇಲೆ ಗಟ್ಟಿ ಪ್ಲಾಸ್ಟಿಕ್ ಬೆಸೆದು ವಾಪಸ್ ಕಳಿಸುತ್ತಾರೆ. ಸಂಗ್ರಹಕಾರರು ಇದನ್ನು ಸ್ಲ್ಯಾಬ್ ಎನ್ನುತ್ತಾರೆ. (ನಮ್ಮ ಬೀದಿಯಲ್ಲಿ ಸ್ಲ್ಯಾಬ್ ಎಂದರೆ ಚರಂಡಿ ಮುಚ್ಚುವ ಚಪ್ಪಡಿ.) ಅಂಕ ಒಂದು ಕೂದಲೆಳೆ ಆಚೀಚೆಯಾದರೂ ಬೆಲೆ ಎಲ್ಲಿಂದೆಲ್ಲಿಗೋ ಹಾರುತ್ತದೆ. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1938ರ ಆಕ್ಷನ್ ಕಾಮಿಕ್ಸ್ ಒಂದನೇ ಸಂಚಿಕೆಯ 8.5 ಅಂಕದ ಒಂದು ಪ್ರತಿ 2024ರ ಏಪ್ರಿಲ್‌ನಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಅದು ಅಂಗಡಿಗೆ ಬಂದಾಗ ಬೆಲೆ 10 ಸೆಂಟು.

ಈ ಬೆಲೆಗಿಂತ ನನಗೆ ರುಚಿಸಿದ್ದು ಪೆಟ್ಟಿಗೆಯ ಬಗ್ಗೆ ನಡೆಯುವ ಜಗಳ. ಪುಸ್ತಕದ ಬಗ್ಗೆ, ಚಿತ್ರದ ಬಗ್ಗೆ ಅಲ್ಲಿ ಹೆಚ್ಚು ತಕರಾರಿಲ್ಲ, ತಕರಾರೆಲ್ಲ ಕವಚದ್ದು. ಮೊದಲನೆಯದು ನ್ಯೂಟನ್ ಉಂಗುರಗಳದ್ದು. ಎರಡು ನುಣುಪಾದ ಪಾರದರ್ಶಕ ಮೈಗಳು ತಾಗಿಯೂ ತಾಗದ ಹಾಗೆ ಹತ್ತಿರವಿದ್ದರೆ ನಡುವಿನ ಗಾಳಿಯ ಪದರದಲ್ಲಿ ಬೆಳಕು ಒಂದಕ್ಕೊಂದು ಹಾಯ್ದು ಬಣ್ಣದ ಸುತ್ತುಗಳು ಹುಟ್ಟುತ್ತವೆ. ಮಳೆ ನಿಂತ ರಸ್ತೆಯ ಮೇಲೆ ಚೆಲ್ಲಿದ ಡೀಸೆಲ್ಲಿನಲ್ಲಿ ಕಾಣುವುದೂ ಇದೇ ಬಗೆಯ ಬಣ್ಣ. 2016ರಲ್ಲಿ ಸಿಜಿಸಿ ಹೊಸ ಮಾದರಿಯ ಪೆಟ್ಟಿಗೆ ತಂದಾಗ ಈ ಉಂಗುರಗಳ ದೂರು ಎಷ್ಟಾಯಿತೆಂದರೆ ಕಂಪನಿ ಅದನ್ನು ಮತ್ತೆ ತಿದ್ದಬೇಕಾಯಿತು. ಸಾವಿರಾರು ಡಾಲರು ಕೊಟ್ಟವನಿಗೆ ಮುಖಪುಟದ ವೀರನ ಮೂತಿಯ ಮೇಲೆ ಕಾಮನಬಿಲ್ಲು ಕಂಡರೆ ಹೇಗಿರಬೇಡ. ನಗು ಬರುತ್ತದೆ. ಆದರೆ ಅವನ ಪಾಲಿಗೆ ಉಳಿದಿರುವ ಓದು ಅದೊಂದೇ, ಹೊರಗಿನಿಂದ ಮುಖಪುಟ ನೋಡುವುದು. ಅದಕ್ಕೂ ಅಡ್ಡಿಯಾದರೆ ಕೈಯಲ್ಲಿ ಉಳಿಯುವುದು ಪ್ಲಾಸ್ಟಿಕ್ಕು ಮಾತ್ರ.

ಎರಡನೆಯದು ಇನ್ನೂ ಗಹನ. ಒಳಚೀಲ ಸಡಿಲವಿದ್ದರೆ ಸಾಗಾಣಿಕೆಯಲ್ಲಿ ಪುಸ್ತಕ ಒಳಗೇ ಜಾರಾಡಿ ಅಂಚು ಹರಿಯುತ್ತದೆ. ಬಿಗಿಯಿದ್ದರೆ ಪುಸ್ತಕ ಬಾಗುತ್ತದೆ. ಅಂಚಿನಲ್ಲಿ ಹರುಕು ಕಂಡಾಗ ಪ್ರಶ್ನೆ ಏಳುತ್ತದೆ: ಗ್ರೇಡು ಹಾಕುವಾಗಲೇ ಇತ್ತೇ, ಪೆಟ್ಟಿಗೆಯೊಳಗೆ ಆಯಿತೇ? ತೆರೆಯದೆ ಗೊತ್ತಾಗುವುದಿಲ್ಲ, ತೆರೆದರೆ ಅಂಕ ಸತ್ತಿತು. ಕಾಪಾಡಬೇಕಾದ್ದೇ ಕೆಡಿಸಿತೆಂದು ಸಾಬೀತು ಮಾಡುವ ದಾರಿಯನ್ನೂ ಆ ಪೆಟ್ಟಿಗೆಯೇ ಮುಚ್ಚಿಕೊಂಡು ಕೂತಿದೆ.

ಮೂರನೆಯದು ಜಗಳವಲ್ಲ, ಸರಿಯಾದ ಮೋಸ. ಗೀರು ಬಿದ್ದ ಹಳೆಯ ಪೆಟ್ಟಿಗೆಯನ್ನು ಕಳಿಸಿದರೆ ಕಂಪನಿ ಪುಸ್ತಕಕ್ಕೆ ಮತ್ತೆ ಗ್ರೇಡು ಹಾಕದೆ ಹೊಸ ಪೆಟ್ಟಿಗೆ ಹಾಕಿಕೊಡುವ ಸೌಲಭ್ಯವಿತ್ತು. ಯಾರೋ ಒಳ್ಳೆಯ ಅಂಕದ ಪೆಟ್ಟಿಗೆಯೊಳಗೆ ಕಡಿಮೆ ದರ್ಜೆಯ ಪ್ರತಿ ತೂರಿಸಿ ಈ ದಾರಿಯಲ್ಲಿ ಹೊಸ ಮುದ್ರೆ ಗಿಟ್ಟಿಸಿಕೊಂಡದ್ದು 2023ರ ಕೊನೆಯ ಹೊತ್ತಿಗೆ ಬಯಲಾಯಿತು. ಕಂಪನಿ ಅನುಮಾನದ ಪ್ರಮಾಣಸಂಖ್ಯೆಗಳ ಪಟ್ಟಿ ಹೊರಡಿಸಬೇಕಾಯಿತು.

ಇದನ್ನು ಭಾವನಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಬೇಲಿನ ಒಳಗಡೆ ಕಳಪೆ ಸೊಪ್ಪಿಟ್ಟು ಸುತ್ತ ಬ್ರೈಟ್ ಸೊಪ್ಪು ಜೋಡಿಸುವುದು ಹರಾಜಿನ ಕಡೆಯವರಿಗೆಲ್ಲ ಗೊತ್ತಿರುವ ಹಳೆಯ ವಿದ್ಯೆ. ಅದಕ್ಕೇ ಅಲ್ಲಿ ಬೇಲಿನ ಹೊದಿಕೆ ಬಿಚ್ಚಿರುತ್ತದೆ. ಮಂಡಳಿಯವರು ಚೀಟಿಯ ಮೇಲೆ ಗ್ರೇಡು ಬರೆದಿದ್ದರೂ ಕಂಪನಿಗಳ ಖರೀದಿದಾರರು ಒಳಗಡೆ ಕೈಹಾಕಿ ಒಂದು ಹಿಡಿ ಸೊಪ್ಪು ಎಳೆದು, ಬಣ್ಣ ನೋಡಿ, ಮೂಸಿ, ಬೆರಳಲ್ಲಿ ಉಜ್ಜಿ ಹದ ನೋಡುತ್ತಾರೆ. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಶುರುವಾದದ್ದು 1984ರಲ್ಲಿ. ಅದಕ್ಕೆ ಮುಂಚೆ ಮನೆಬಾಗಿಲಿಗೆ ಬಂದ ವ್ಯಾಪಾರಿ ಹೇಳಿದ್ದೇ ದರ್ಜೆ ಎಂದು ಭಾವ ಹೇಳುತ್ತಾರೆ. ಹರಾಜು ಬಂದ ಮೇಲೂ ಗ್ರೇಡಿನ ಜಗಳ ನಿಂತಿಲ್ಲ. ಹರಾಜು ನಿಲ್ಲಿಸಿ ರೈತರು ರಸ್ತೆಗೆ ಕೂತ ದಿನಗಳನ್ನು ನಾನೇ ಕಂಡಿದ್ದೇನೆ. ಆದರೆ ಆ ಜಗಳಕ್ಕೆ ಒಂದು ನೆಲ ಇದೆ. ಸೊಪ್ಪು ಎದುರಿಗಿದೆ, ಕೈಹಾಕಬಹುದು, ಅಲ್ಲ ಅನ್ನಬಹುದು. ಹರಾಜು ಮುಗಿದು ಬೇಲು ಲಾರಿ ಹತ್ತಿದರೆ ಆ ಗ್ರೇಡಿನ ಕೆಲಸವೂ ಮುಗಿಯಿತು.

ಸ್ಲ್ಯಾಬಿನ ಅಂಕಕ್ಕೆ ಇಂಥ ಮುಕ್ತಾಯವಿಲ್ಲ. ಕಾಗದ ದಿನದಿನಕ್ಕೆ ಹಳದಿಯಾಗುತ್ತದೆ. ಅಗ್ಗದ ಕಾಗದದೊಳಗಿನ ಲಿಗ್ನಿನ್ ಬೆಳಕು ಗಾಳಿಗೆ ತನ್ನ ಕೆಲಸ ಮಾಡಿಕೊಂಡೇ ಇರುತ್ತದೆ. ಪಟ್ಟಿಯ ಮೇಲಿನ 9.4 ಮಾತ್ರ 9.4 ಆಗಿಯೇ ಇರುತ್ತದೆ. ಪೆಟ್ಟಿಗೆ ಕಾಯುತ್ತಿರುವುದು ಪುಸ್ತಕವನ್ನಲ್ಲ, ಅಂಕವನ್ನು ಎಂದು ನನಗೆ ಅನ್ನಿಸಿದ್ದು ಇಲ್ಲಿ. ಪುಸ್ತಕವನ್ನು ಕಾಯುವುದಕ್ಕೆ ಪಾಲಿಯೆಸ್ಟರ್ ಹೊದಿಕೆ, ಆಮ್ಲವಿಲ್ಲದ ರಟ್ಟು, ಒಣಗಿದ ಕತ್ತಲೆ ಜಾಗ ಸಾಕು. ಬೆಸುಗೆ ಬೇಕಾಗಿರುವುದು ಅಂಕಕ್ಕೆ.

ಇದೂ ಒಂದು ವಿಮರ್ಶೆಯೇ ಎಂಬುದನ್ನು ಮರೆಯಬಾರದು. ಆ ನೀಲಿ ಪಟ್ಟಿಯಲ್ಲಿ ಹೆಸರು, ಸಂಚಿಕೆ, ತಿಂಗಳು, ಕಾಗದದ ಬಣ್ಣ, ಬರೆದವರು ಬಿಡಿಸಿದವರು ಎಲ್ಲ ಇರುತ್ತದೆ. ಯಾಕೆ 9.4, ಯಾಕೆ 9.6 ಅಲ್ಲ ಎಂಬುದು ಅಲ್ಲಿರುವುದಿಲ್ಲ. ಪರೀಕ್ಷಕರ ಟಿಪ್ಪಣಿ ಬೇಕಾದವರು ಬೇರೆ ಕಡೆ ಹುಡುಕಿಕೊಳ್ಳಬೇಕು. ಕಾರಣ ಹೇಳದ ತೀರ್ಪು, ಅದನ್ನು ಯಾರೂ ಪರೀಕ್ಷಿಸದಂತೆ ಹಾಕಿದ ಮುದ್ರೆ. ಕನ್ನಡದಲ್ಲಿ ನಾವು ಇದನ್ನು ಪ್ಲಾಸ್ಟಿಕ್ಕಿಲ್ಲದೆಯೇ ಮಾಡುತ್ತೇವೆ. ‘ಶ್ರೇಷ್ಠ’ ಎಂದೊಮ್ಮೆ ಹೇಳಿಸಿಕೊಂಡ ಎಷ್ಟು ಕಾದಂಬರಿಗಳನ್ನು ಆಮೇಲೆ ಯಾರಾದರೂ ತೆರೆದು ನೋಡಿದ್ದೇವೆ? ಈ ಮಾತು ನನಗೂ ಸೇರಿದ್ದು. ನಾನೂ ಒಂದೆರಡು ಪುಸ್ತಕಗಳಿಗೆ ಹಾಗೆ ಬೆಸುಗೆ ಹಾಕಿದ್ದೇನೆ.

ಇಷ್ಟು ಬರೆದು ಅಮೆರಿಕದವರನ್ನು ಗೇಲಿ ಮಾಡಿ ಮುಗಿಸಬಹುದಿತ್ತು. ಹಾಗೆ ಮಾಡಲು ಬಿಡದ ಒಂದು ಸಂಗತಿ ಇದೆ. ಅಮರ ಚಿತ್ರಕಥೆ ಎಂದರೆ ಎಲ್ಲರಿಗೂ ಕಾರ್ಕಳದ ಅನಂತ ಪೈ, ಮುಂಬಯಿಯ ಇಂಡಿಯಾ ಬುಕ್ ಹೌಸ್, ರಾಮ್ ವಾಯಿರ್‌ಕರ್ ಬಿಡಿಸಿದ ಕೃಷ್ಣ ನೆನಪಾಗುತ್ತಾರೆ. ಆ ಕೃಷ್ಣನ ಸಂಚಿಕೆಯ ಸಂಖ್ಯೆ 11. ಒಂದರಿಂದ ಹತ್ತು ಎಲ್ಲಿ? ಅವು 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಕನ್ನಡದಲ್ಲಿ ಬಂದಿದ್ದವು. ಸಿಂಡರೆಲ್ಲಾ ಮುಂತಾದ ಪಶ್ಚಿಮದ ಕಥೆಗಳ ಕನ್ನಡ ರೂಪಗಳು. ಇಡೀ ದೇಶ ಓದಿದ ಮಾಲೆ ಕಣ್ಣು ಬಿಟ್ಟದ್ದು ಕನ್ನಡದಲ್ಲಿ. ಆ ಹತ್ತರಲ್ಲಿ ಒಂದೇ ಒಂದು ಪ್ರತಿ ನನ್ನ ಕಣ್ಣಿಗೆ ಬಿದ್ದಿಲ್ಲ. ಮೈಸೂರಿನ ಹಳೆಯ ಪುಸ್ತಕದ ಅಂಗಡಿಗಳಲ್ಲಿ, ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ವರ್ಷಗಟ್ಟಲೆ ಕೇಳಿದ್ದೇನೆ. ನಾವು ಓದುವ ಜನ, ಓದಿ ಹರಿದೆವು ಎಂದು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಸುಳ್ಳಲ್ಲ. ಹುಣಸೂರಿನ ಬಸ್ ನಿಲ್ದಾಣದ ಹತ್ತಿರವಿದ್ದ ಬಾಡಿಗೆ ಲೈಬ್ರರಿಯಲ್ಲಿ ಒಂದು ಕಾಮಿಕ್ಸು ನೂರು ಕೈ ದಾಟಿ, ಕಂದು ಟೇಪು, ಮೇಲೊಂದು ಪಿನ್ನು, ಅದರ ಮೇಲೆ ಮತ್ತೊಂದು ಪಿನ್ನು ಹೊಡೆಸಿಕೊಂಡು ಕೊನೆಗೆ ಕಡಲೆಕಾಯಿ ಪೊಟ್ಟಣವಾದದ್ದನ್ನು ನಾನೇ ನೋಡಿದ್ದೇನೆ. ಆದರೆ ಆ ಹತ್ತರಲ್ಲಿ ಒಂದನ್ನು ಯಾರೋ ಹುಚ್ಚ ಪೆಟ್ಟಿಗೆಯಲ್ಲಿಟ್ಟು ಬೆಸೆದಿದ್ದರೆ ಇವತ್ತು ನಾನು ಅವನ ಕಾಲಿಗೆ ಬೀಳುತ್ತಿದ್ದೆ. ಒಳಗಿನದು ಓದಲು ಸಿಗದಿದ್ದರೂ ಮುಖಪುಟವಾದರೂ ಕಾಣುತ್ತಿತ್ತು, ಉಂಗುರಗಳ ಸಮೇತ.

ಪುಸ್ತಕ ಕಾಯುವುದು ನಮಗೆ ಗೊತ್ತಿಲ್ಲದ ವಿದ್ಯೆಯೂ ಅಲ್ಲ. ಓಲೆಗರಿಯ ಪ್ರತಿಗಳಿಗೆ ತೂತು ಕೊರೆದು, ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆ ಕೊಟ್ಟು, ಬಟ್ಟೆಯಲ್ಲಿ ಸುತ್ತುತ್ತಿದ್ದರು. ಪ್ರತಿ ಮಾಡಿದವರು ಕೊನೆಯಲ್ಲಿ ಓದುಗನನ್ನು ಬೇಡಿಕೊಳ್ಳುವ ರೂಢಿಯಿತ್ತು: ಎಣ್ಣೆ, ನೀರು, ಸಡಿಲವಾದ ಕಟ್ಟು ಇವುಗಳಿಂದ ಇದನ್ನು ಉಳಿಸಬೇಕು, ಮೂರ್ಖನ ಕೈಗೆ ಕೊಡಬಾರದು ಎಂದು. ಕಟ್ಟು ಸಡಿಲವೋ ಬಿಗಿಯೋ ಎಂಬ ಚಿಂತೆ ಅವರಿಗೂ ಇತ್ತು ನೋಡಿ. ಬಿಚ್ಚಬಾರದು ಎಂದು ಮಾತ್ರ ಅವರು ಕೇಳಿಕೊಳ್ಳಲಿಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಒಂದು ಕಟ್ಟನ್ನು ಶಾಮಶಾಸ್ತ್ರಿಗಳು 1905ರಲ್ಲಿ ಬಿಚ್ಚಿ ಓದಿದ್ದಕ್ಕೆ ಅರ್ಥಶಾಸ್ತ್ರ 1909ರಲ್ಲಿ ಅಚ್ಚಾಯಿತು. ಇನ್ನೊಂದು ತುದಿಯಲ್ಲಿ ಪಾಂಡವಪುರದ ಹತ್ತಿರ ಹರಳಹಳ್ಳಿಯ ಎಂ. ಅಂಕೇಗೌಡರ ಪುಸ್ತಕ ಮನೆಯಿದೆ. ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಸಂಬಳ ಸುರಿದು ಕೂಡಿಸಿದ ಸುಮಾರು 20 ಲಕ್ಷ ಪುಸ್ತಕಗಳು, ಕಪಾಟು ಸಾಲದೆ ನೆಲದ ಮೇಲೆಲ್ಲ ರಾಶಿ. ಯಾರು ಬೇಕಾದರೂ ಹೋಗಿ ತೆಗೆಯಬಹುದು. ಸಂಗ್ರಹಣೆಯ ಶಿಸ್ತಿನವರು ಅಲ್ಲಿ ನಿಂತರೆ ಧೂಳು ನೋಡಿ ಎದೆ ಹಿಡಿದುಕೊಂಡಾರು.

ಅಳಿಯ ಯುಗಾದಿಗೆ ಬಂದದ್ದು ಬರೀ ಹೋಳಿಗೆಗಲ್ಲ. ನಮ್ಮ ಮನೆಯಲ್ಲಿ ಅಣ್ಣನ ಒಂದು ಬೈಂಡು ಇದೆ, ಕನ್ನಡದ ಅಮರ ಚಿತ್ರಕಥೆ ಹದಿನಾಲ್ಕು ಸಂಚಿಕೆ. ಅಣ್ಣ ಕೆ.ಆರ್. ನಗರದ ಹೈಸ್ಕೂಲಿನಲ್ಲಿ ಓದುವಾಗ ಅಲ್ಲೇ ಒಬ್ಬ ಬೈಂಡರ್ ಹತ್ತಿರ ಮಾಡಿಸಿದ್ದು. ಅಣ್ಣ ಹೋಗಿ ಒಂಬತ್ತು ವರ್ಷವಾಯಿತು.

“ಮಾವ, ಹೊಲಿಗೆ ಬಿಚ್ಚಿ ಒಂದೇ ಒಂದು ಕೊಡಿ, ಗ್ರೇಡಿಗೆ ಕಳಿಸ್ತೀನಿ. ಕನ್ನಡದ್ದು ಅಲ್ಲಿ ಒಂದು ಇರ್ಲಿ,” ಎಂದು ಅವನು ಕೇಳಿದ. ದುಡ್ಡಿನ ಆಸೆಯಿಂದ ಕೇಳಿದ್ದಲ್ಲ. ಅವನ ಕಣ್ಣು ನನಗೆ ಗೊತ್ತು. ಬೈಂಡರ್ ಮೂರು ಕಡೆ ಅಂಚು ಕತ್ತರಿಸಿದ್ದಾನೆ, ಪಿನ್ನು ಕಿತ್ತು ದಾರ ಹಾಕಿದ್ದಾನೆ. ಎಲ್ಲಕ್ಕಿಂತ ಹೆಚ್ಚಾಗಿ ಪ್ರತಿ ಸಂಚಿಕೆಯ ಕೊನೆಯ ಪುಟದಲ್ಲಿ ಅಣ್ಣ ನೀಲಿ ಶಾಯಿಯಲ್ಲಿ ಅಂಕ ಹಾಕಿದ್ದಾನೆ: ಕರ್ಣನಿಗೆ ಹತ್ತಕ್ಕೆ ಹತ್ತು, ತೆನಾಲಿರಾಮನಿಗೆ ಏಳು. ಒಂದು ಕಡೆ “ಚಿತ್ರ 9, ಕಥೆ 4, ಯುದ್ಧ ಬೇಗ ಮುಗಿಯಿತು” ಎಂದು ಕಾರಣವನ್ನೂ ಬರೆದಿದ್ದಾನೆ. ಫ್ಲಾರಿಡಾದ ಲೆಕ್ಕದಲ್ಲಿ ಅದು ಶಾಯಿಯ ಕಲೆ, ಅಂಕ ಕಳೆಯುವ ದೋಷ. ಎಲ್ಲ ಕಳೆದ ಮೇಲೆ ಎರಡೂ ಬಂದರೆ ಹೆಚ್ಚು ಎಂದು ಅಳಿಯನೇ ಒಪ್ಪಿದ. ಬಿಚ್ಚಲು ನಾನು ಒಪ್ಪಲಿಲ್ಲ.

ಅವನು ಹೊರಡುವ ಹಿಂದಿನ ರಾತ್ರಿ ಇಬ್ಬರೂ ಕೂತು ಅದನ್ನು ಮೊದಲಿಂದ ತಿರುವಿದೆವು, ಅವನು ಫೋನಿನಲ್ಲಿ ಒಂದೊಂದೇ ಪುಟದ ಚಿತ್ರ ತೆಗೆಯುತ್ತ. ಕರ್ಣನ ರಥದ ಗಾಲಿ ಹೂತ ಪುಟದಲ್ಲಿ ನಿಲ್ಲಿಸಿದ. ಬೈಂಡರ್ ಹೊಲಿಗೆಯನ್ನು ತೀರ ಒಳಗೆ ಹಾಕಿದ್ದ. ಎಡಗಡೆಯ ಚೌಕದಲ್ಲಿ ಕೃಷ್ಣನ ಮಾತಿನ ಕೊನೆಯ ಅಕ್ಷರಗಳು ಬೆನ್ನಿನೊಳಗೆ ಹೋಗಿಬಿಟ್ಟಿದ್ದವು. ನಾನು ಚಿಕ್ಕಂದಿನಿಂದ ಎಷ್ಟು ಸಲ ಓದಿದ್ದೇನೋ, ಆ ಮಾತು ಅಲ್ಲಿಗೇ ಮುಗಿಯುತ್ತದೆ ಅಂದುಕೊಂಡಿದ್ದೆ. ಅವನು ಎರಡೂ ಹೆಬ್ಬೆರಳಿನಿಂದ ಪುಟ ಅಗಲಿಸಿ ಟಾರ್ಚ್ ಹಾಕಿದ. ದಾರ ಕಿರ್ ಅಂದಿತು.

“ಬಿಡು,” ಎಂದೆ.

“ಇನ್ನೊಂಚೂರು ಮಾವ, ಒಂದಕ್ಷರ ಕಾಣಿಸ್ತಿದೆ.”