ಪರದೆಯಚ್ಚು ಮತ್ತು ಸಹಿಯ ಪ್ರಶ್ನೆ

ಚಿತ್ರಕಲೆಯ ಚರಿತ್ರೆಯನ್ನು ಬರೆಯುವವರು ಮರದಚ್ಚು, ತಾಮ್ರದ ತಗಡಿನ ಕೆತ್ತನೆ, ಕಲ್ಲಚ್ಚು ಇವುಗಳ ವಿಷಯದಲ್ಲಿ ತೋರುವ ಔದಾರ್ಯವನ್ನು ಪರದೆಯಚ್ಚಿನ, ಎಂದರೆ ಸ್ಕ್ರೀನ್ ಪ್ರಿಂಟಿಂಗಿನ, ವಿಷಯದಲ್ಲಿ ಸಾಮಾನ್ಯವಾಗಿ ತೋರುವುದಿಲ್ಲ. ಅದು ಅಂಗಡಿಯ ಫಲಕಕ್ಕೂ ಮದುವೆಯ ಕರೆಯೋಲೆಗೂ ಸಲ್ಲುವ ಕಸುಬೆಂಬ ಭಾವನೆ ವಿದ್ವಾಂಸರಲ್ಲಿಯೂ ಉಂಟು. ಈ ಭಾವನೆ ಸುಳ್ಳಲ್ಲ; ಅದು ಕಸುಬೇ ಹೌದು. ಆದರೆ ಅದರ ಸಾಂಸ್ಕೃತಿಕ ಮಹತ್ತ್ವಕ್ಕೆ ಆ ಕಸುಬುತನವೇ ಕಾರಣವೆಂದೂ, ಅದನ್ನು ಕಸುಬಿನಿಂದ ಬಿಡಿಸಿ ಕಲೆಯ ಪಟ್ಟಕ್ಕೇರಿಸುವ ಯತ್ನಗಳು ಅದರ ಸ್ವಭಾವವನ್ನು ಮರೆಮಾಡಿದುವೆಂದೂ ನಮ್ಮ ಅಭಿಪ್ರಾಯ.

ವಿಧಾನ ಸರಳವಾದುದು. ಚೌಕಟ್ಟಿಗೆ ಬಿಗಿದ ತೆಳುವಾದ ಬಟ್ಟೆಯಲ್ಲಿ ಬಣ್ಣ ಹಾಯಬಾರದ ಕಡೆಗಳನ್ನು ಮುಚ್ಚಿ, ಮೇಲೆ ಬಣ್ಣ ಸುರಿದು ರಬ್ಬರಿನ ಪಟ್ಟಿಯಿಂದ ಎಳೆದರೆ, ತೆರೆದ ಕಣ್ಣುಗಳಲ್ಲಿ ಮಾತ್ರ ಅದು ಕೆಳಗಿಳಿಯುತ್ತದೆ. ಭಾರವಾದ ಯಂತ್ರ ಬೇಕಿಲ್ಲ. ಚಿತ್ರ ತಿರುಗುಮುರುಗಾಗುವುದೂ ಇಲ್ಲ.

ಈ ತತ್ತ್ವದ ಅತ್ಯಂತ ನವುರಾದ ಪೂರ್ವರೂಪವನ್ನು ಜಪಾನಿನ ಇಸೆ ಪ್ರಾಂತದಲ್ಲಿ ಕಾಣಬಹುದು. ಅಲ್ಲಿನ ಶಿರೋಕೋ ಮುಂತಾದ ಊರುಗಳ ಕುಶಲಿಗಳು ನಾರಿನ ಕಾಗದದ ಪದರಗಳನ್ನು ಕಾಕಿ ಹಣ್ಣಿನ ಒಗರು ರಸದಿಂದ ಅಂಟಿಸಿ, ಒಣಗಿಸಿ, ಅದರಲ್ಲಿ ಚಿತ್ತಾರಗಳನ್ನು ಕೊರೆಯುತ್ತಿದ್ದರು. ಇವಕ್ಕೆ ಕಟಗಾಮಿಯೆಂದು ಹೆಸರು. ಬಿಡಿ ತುಣುಕುಗಳು ಕದಲದಂತೆ ರೇಷ್ಮೆಯ ಎಳೆಗಳನ್ನು ನಡುವೆ ಹಾಯಿಸುವ ಪದ್ಧತಿಯೂ ಇದ್ದಿತು. ಎಡೊ ಕಾಲದ ಸಮುರಾಯಿಗಳ ಉಡುಪಿನಲ್ಲಿ ಈ ಅಚ್ಚಿನ ಚುಕ್ಕೆಗಳು ದೂರಕ್ಕೆ ಒಂದೇ ಬಣ್ಣವಾಗಿ ತೋರಿ, ಹತ್ತಿರ ಬಂದವನಿಗೆ ಮಾತ್ರ ಚಿತ್ತಾರವಾಗಿ ತೆರೆದುಕೊಳ್ಳುತ್ತಿದ್ದುವು. ಆಡಂಬರವನ್ನು ನಿಷೇಧಿಸುವ ಕಟ್ಟಳೆಗಳ ನಡುವೆ ಬಾಳುತ್ತಿದ್ದ ಪಟ್ಟಣಿಗರೂ ಅದನ್ನು ಒಲಿದು ತೊಟ್ಟುದರಲ್ಲಿ ಆಶ್ಚರ್ಯವಿಲ್ಲ. ಕೊರೆದವನೊಬ್ಬ, ಬಣ್ಣ ಹಾಕಿದವನು ಇನ್ನೊಬ್ಬ. ಉಡುವವನು ಇಬ್ಬರ ಹೆಸರನ್ನೂ ಕೇಳುತ್ತಿರಲಿಲ್ಲ.

ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ರೇಷ್ಮೆಪರದೆಯ ವಿಧಾನಕ್ಕೆ ಪೇಟೆಂಟು ಪಡೆದ ಮೇಲೆ ಅದು ಜಾಹೀರಾತಿನ ಕಸುಬಾಗಿ ಬೆಳೆಯಿತು. ಅಮೆರಿಕದಲ್ಲಿ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ನಿರುದ್ಯೋಗಿ ಕಲಾವಿದರಿಗಾಗಿ 1935ರಲ್ಲಿ ತೊಡಗಿದ ಸರ್ಕಾರಿ ಯೋಜನೆಯ ಭಿತ್ತಿಪತ್ರ ವಿಭಾಗಕ್ಕೆ ಈ ವಿಧಾನವನ್ನು ತಂದವರು ಆಂಥನಿ ವೆಲೋನಿಸ್. ಆರೋಗ್ಯ, ನಾಟಕ, ಪ್ರವಾಸ ಮೊದಲಾದ ವಿಷಯಗಳ ಭಿತ್ತಿಪತ್ರಗಳು ಲಕ್ಷಗಟ್ಟಲೆ ಹೊರಬಂದುವು. ಆದರೆ ಕೆಲವೇ ವರ್ಷಗಳಲ್ಲಿ ವೆಲೋನಿಸರೂ ಕ್ಯುರೇಟರ್ ಕಾರ್ಲ್ ಝಿಗ್ರಾಸರರೂ ಇದೇ ಮುದ್ರಣಕ್ಕೆ ‘ಸೆರಿಗ್ರಾಫ್’ ಎಂಬ ಹೊಸ ಹೆಸರನ್ನು ಬಳಕೆಗೆ ತಂದರು. ಲ್ಯಾಟಿನಿನ ರೇಷ್ಮೆ, ಗ್ರೀಕಿನ ಬರಹ: ಪದ ಸುಂದರವಾಗಿದೆ. ಕಲಾವಿದನ ಹಾಳೆ ಬೇರೆ, ಅಂಗಡಿಯವನ ಹಾಳೆ ಬೇರೆ ಎಂದು ಸಾರುವುದೇ ಅದರ ಉದ್ದೇಶ. ಹೆಸರಿನ ಬೆನ್ನಿಗೆ ಸಹಿಯೂ ಪ್ರತಿಗಳ ಎಣಿಕೆಯೂ ಬಂದುವು. ಸಾವಿರ ಪ್ರತಿ ಕೊಡಬಲ್ಲ ಪರದೆಯನ್ನು ಐವತ್ತಕ್ಕೆ ನಿಲ್ಲಿಸುವುದು, ಹರಿಯುವ ನೀರಿಗೆ ಕಟ್ಟೆ ಹಾಕಿ ಬಿಂದಿಗೆಯ ಬೆಲೆ ಏರಿಸಿದಂತೆ.

ಆಂಡಿ ವಾರ್ಹೋಲ್ ಈ ಗೆರೆಯನ್ನು ಅಳಿಸಿದರೆಂದು ಹೇಳುವುದು ವಾಡಿಕೆ. 1962ರ ಆಗಸ್ಟಿನಲ್ಲಿ ತಾರೆ ಮರ್ಲಿನ್ ಮನ್ರೋ ತೀರಿಕೊಂಡ ಬಳಿಕ, ಚಲನಚಿತ್ರವೊಂದರ ಪ್ರಚಾರದ ಛಾಯಾಚಿತ್ರವನ್ನು ಪರದೆಗಿಳಿಸಿ, ಒಂದೇ ಮುಖವನ್ನು ಐವತ್ತು ಸಲ ಅವರು ಒತ್ತಿದರು. ಎಡಗಡೆಯ ಇಪ್ಪತ್ತೈದಕ್ಕೆ ಬಣ್ಣ. ಬಲಗಡೆಯವು ಬರಿಯ ಕಪ್ಪು. ಕಪ್ಪಿನ ಸಾಲುಗಳಲ್ಲಿ ಒಂದೆಡೆ ಬಣ್ಣ ಮೆತ್ತಿಕೊಂಡಿದೆ, ಕೊನೆಗೆ ಮುಖ ಸವೆದು ಮಾಯವಾಗುತ್ತದೆ. ಅಂಗಡಿಯ ಮುದ್ರಕನಾದರೆ ಎಸೆಯುತ್ತಿದ್ದ ದೋಷವಿದು. ಪ್ರಚಾರದಿಂದ ಹುಟ್ಟಿದ ಮುಖ ಪ್ರಚಾರದ ವಿಧಾನದಲ್ಲಿಯೇ ನಶಿಸುವುದನ್ನು ಕುಂಚದಿಂದ ತೋರಿಸುವುದು ಸಾಧ್ಯವಿರಲಿಲ್ಲ. ಈ ಕೃತಿಯ ಹಿರಿಮೆಯನ್ನು ಒಪ್ಪಬೇಕು. ಆದರೆ ಗೆರೆ ಅಳಿಯಿತೇ? ಅದೇ ಮುಖದ 1964ರ ಇನ್ನೊಂದು ಪರದೆಯಚ್ಚು 2022ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 19 ಕೋಟಿ 50 ಲಕ್ಷ ಡಾಲರಿಗೆ ಮಾರಾಟವಾಯಿತು. ಕೊಂಡವರು ಕೊಂಡದ್ದು ಅಚ್ಚನ್ನೋ ಹೆಸರನ್ನೋ ಎಂಬುದನ್ನು ವಾಚಕರೇ ಊಹಿಸಬಹುದು.

ಗೆರೆ ನಿಜವಾಗಿ ಅಳಿದುದು, ನಮಗೆ ತೋರುವಂತೆ, 1968ರ ಮೇ ತಿಂಗಳ ಪ್ಯಾರಿಸಿನಲ್ಲಿ. ಲಲಿತಕಲೆಗಳ ಶಾಲೆಯನ್ನು ವಶಪಡಿಸಿಕೊಂಡ ವಿದ್ಯಾರ್ಥಿಗಳು ಮೊದಲು ಕಲ್ಲಚ್ಚಿನಲ್ಲಿ ತೊಡಗಿ, ಅದರ ವೇಗ ಸಾಲದೆ ಪರದೆಯನ್ನು ಹಿಡಿದರು. ಪ್ರತಿಯೊಂದು ವಿನ್ಯಾಸವೂ ಸಭೆಯ ಮುಂದೆ ಚರ್ಚೆಗೆ ಬರುತ್ತಿತ್ತು: ವಿಚಾರ ಸರಿಯೇ, ಹಾಳೆ ಅದನ್ನು ಮುಟ್ಟಿಸುತ್ತದೆಯೇ? ಒಪ್ಪಿಗೆಯಾದುದು ರಾತ್ರಿ ಅಚ್ಚಾಗಿ ಬೆಳಗ್ಗೆ ಗೋಡೆಗೇರುತ್ತಿತ್ತು. ಸಹಿ ಇರಲಿಲ್ಲ. ಒಂದೇ ಬಣ್ಣ, ದಪ್ಪ ಅಂಚು, ಎರಡು ಮೂರು ಶಬ್ದ. ಈ ಬಿಗಿತವನ್ನು ಶೈಲಿಯೆಂದು ಹೊಗಳುವ ವಿಮರ್ಶಕರು ಅವಸರವೂ ಪರದೆಯೂ ಸೇರಿ ಅದನ್ನು ವಿಧಿಸಿದುವೆಂಬುದನ್ನು ನೆನೆಯಬೇಕು; ಬಡತನವೆಂದು ತಳ್ಳುವವರು, ಕಾರ್ಖಾನೆಯ ಹೊಗೆಗೊಳವೆಯೊಂದು ಮುಷ್ಟಿಯಾಗಿ ಮಾರ್ಪಟ್ಟ ಹಾಳೆಯನ್ನು ಇನ್ನೊಮ್ಮೆ ನೋಡಬೇಕು. ಜೂನ್ 27ರಂದು ಪೊಲೀಸರು ಶಾಲೆಯನ್ನು ತೆರವುಗೊಳಿಸಿದರು.

ಅಲಂಕಾರಕ್ಕಾಗಿ ಇವನ್ನು ತೂಗುಹಾಕಬಾರದೆಂದು ಮಾಡಿದವರೇ ಹೇಳಿದ್ದರೂ ಆ ಹಾಳೆಗಳು ಈಗ ವಸ್ತುಸಂಗ್ರಹಾಲಯಗಳಲ್ಲಿವೆ. ಉಳಿದುದು ಒಳ್ಳೆಯದೇ, ಇಲ್ಲವಾದರೆ ನಾವು ಅವುಗಳ ವಿಷಯ ಬರೆಯುತ್ತಿರಲಿಲ್ಲ. ಆದರೆ ಅವುಗಳ ಪಟ್ಟಿ ಮಾಡುವವರು ಕಲಾವಿದನ ಹೆಸರಿರಬೇಕಾದ ಕಡೆಯಲ್ಲಿ ‘ಆತೆಲಿಯೇ ಪೊಪ್ಯುಲೇರ್’, ಎಂದರೆ ಜನತೆಯ ಕಾರ್ಯಾಗಾರ, ಎಂದೇ ಬರೆಯಬೇಕಾಗಿದೆ.