ಗುಮ್ಮಟ ಮತ್ತು ಶ್ರವಣ: ಬೆಂಗಳೂರಿನ ಸಂತ ಮಾರ್ಕನ ದೇವಾಲಯವನ್ನು ಕುರಿತು

ಬೆಂಗಳೂರಿನ ಸಂತ ಮಾರ್ಕನ ದೇವಾಲಯವು ಲಂಡನ್ನಿನ ಸಂತ ಪೌಲನ ಕ್ಯಾಥೆಡ್ರಲಿನ ಮಾದರಿಯದೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಗುಮ್ಮಟವನ್ನು ನೋಡಿದವರಿಗೆ ಈ ಹೋಲಿಕೆ ಸಹಜವೆನಿಸೀತು. ಆದರೂ ಅದು ನಮ್ಮ ದೃಷ್ಟಿಯನ್ನು ತಪ್ಪು ಕಟ್ಟಡದತ್ತ ತಿರುಗಿಸುತ್ತದೆ. ಸಂತ ಪೌಲನದು ಬಿಷಪ್ಪರ ಪೀಠ. 1808ರಲ್ಲಿ ಆರಂಭವಾಗಿ 1812ರಲ್ಲಿ ಮುಗಿದು, 1816ರಲ್ಲಿ ಕಲ್ಕತ್ತೆಯ ಬಿಷಪ್ಪರಿಂದ ಪ್ರತಿಷ್ಠಿತವಾದ ನಮ್ಮ ಆಲಯವೋ ದಂಡಿನ ಸೈನಿಕರ ಆರಾಧನೆಗಾಗಿ ಎದ್ದದ್ದು. (1923ರ ಬೆಂಕಿಯ ನಂತರ 1927ರಲ್ಲಿ ಪುನರ್ನಿರ್ಮಾಣಗೊಂಡ ರೂಪವನ್ನೇ ನಾವಿಂದು ಕಾಣುವುದು.) ಇದನ್ನು ಇಂಗ್ಲೆಂಡಿನ ಪ್ಯಾರಿಷ್ ಆಲಯಗಳೊಡನೆ ತೂಗುವುದೇ ನ್ಯಾಯ.

ಸಂತ ಪೌಲನ ಶಿಲ್ಪಿ ಕ್ರಿಸ್ಟಫರ್ ರೆನ್ ಲಂಡನ್ನಿನ 1666ರ ಮಹಾಗ್ನಿಯ ಬಳಿಕ ಐವತ್ತಕ್ಕೂ ಮಿಕ್ಕಿದ ಪ್ಯಾರಿಷ್ ಆಲಯಗಳನ್ನು ಮರಳಿ ಕಟ್ಟಿಸಿದನು. ಅವುಗಳಲ್ಲಿ ಅವನು ಹಿಡಿದ ತತ್ತ್ವ ವೈಭವದ್ದಲ್ಲ, ಶ್ರವಣದ್ದು. ಸುಧಾರಿತ ಸಭೆಯ ಆಲಯದಲ್ಲಿ ಎಲ್ಲರಿಗೂ ಬೋಧಕನು ಕಾಣಬೇಕು, ಕೇಳಿಸಬೇಕು. ಸಾಧಾರಣ ಕಂಠವು ಎದುರಿಗೆ 50 ಅಡಿ, ಎರಡೂ ಪಕ್ಕಕ್ಕೆ 30 ಅಡಿ, ಹಿಂದಕ್ಕೆ 20 ಅಡಿ ಮುಟ್ಟೀತೆಂದು ಅವನು ಲೆಕ್ಕ ಹಾಕಿದ್ದನು. ‘ನಂಬಿಕೆಯು ಕೇಳುವುದರಿಂದ’ ಎಂಬ ಪೌಲನ ಬೋಧನೆಗೆ ಅಡಿಗಳಲ್ಲಿ ಬರೆದ ವ್ಯಾಖ್ಯಾನವಿದೆಂದರೆ ತಪ್ಪಾಗದು.

ಈ ಅಳತೆಯಿಂದ ನೋಡಿದಾಗ ದಂಡಿನ ಆಲಯದ ಕೊರತೆ ಗೋಡೆಯದಲ್ಲ, ನುಡಿಯದು. ಸುತ್ತಲಿನ ಕನ್ನಡಿಗನಿಗೆ ಗುಮ್ಮಟವು ದೂರದಿಂದಲೇ ಕಂಡಿತು. ಒಳಗಿನ ವಾಕ್ಯವು ಅವನ ಕಿವಿಗಾಗಿ ಇರಲಿಲ್ಲ. ವೆಸ್ಲಿಯನ್ ಮಿಷನ್ನಿನವರ ಕನ್ನಡ ಸಭೆಗಾಗಿ 1904ರಲ್ಲಿ ತೆರೆದ ಹಡ್ಸನ್ ಸ್ಮಾರಕ ದೇವಾಲಯದಲ್ಲಿ ಸ್ಥಿತಿ ತಿರುವುಮುರುವು: ಗಾಥಿಕ್ ಶೈಲಿ ಪರದೇಶದ್ದು, ಪ್ರಸಂಗ ನಮ್ಮದು. ವಾಸ್ತುವಿನ ದೇಶೀಕರಣವನ್ನು ಕುರಿತ ನಮ್ಮ ಚರ್ಚೆಗಳು ಕಮಾನಿನ ಆಕಾರದಲ್ಲೇ ನಿಂತುಬಿಡುವುದು ನನಗೆ ಸಮ್ಮತವಲ್ಲ. ಹಡ್ಸನ್ ಆಲಯದ ಚೂಪು ಕಮಾನನ್ನು ಕಂಡು ಅದನ್ನು ಅನ್ಯವೆಂದು ತಳ್ಳುವವರು ಅಲ್ಲಿ ತಲೆಮಾರುಗಳಿಂದ ಕೇಳಿಬಂದ ಕನ್ನಡವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

1947ರಲ್ಲಿ ದಕ್ಷಿಣ ಭಾರತ ಸಭೆ ಒಂದಾಯಿತು. 1950ರಲ್ಲಿ ಬಂದ ಅದರ ಕರ್ತನ ಭೋಜನದ ಕ್ರಮವು ಸಭಾಪಾಲಕನನ್ನು ಮೇಜಿನ ಹಿಂದೆ, ಜನರಿಗೆ ಎದುರಾಗಿ ನಿಲ್ಲಿಸಿತು. ಪೂರ್ವದ ಗೋಡೆಗೆ ಮೇಜನ್ನು ಒರಗಿಸಿದ ಆಲಯಗಳಲ್ಲಿ ಇದಕ್ಕೆ ಎಡೆಯೇ ಇಲ್ಲ. ಹಾಗಿದ್ದೂ ಹಳೆಯ ಆಲಯದ ನಕ್ಷೆಯನ್ನೇ ಕಿರಿದುಗೊಳಿಸಿ ಹೊಸದನ್ನು ಕಟ್ಟುವ ಆಸೆ ನಮ್ಮಲ್ಲಿ ಬಲವಾಗಿದೆ. ಚಾಮರಾಜನಗರ ಸೀಮೆಯ ಕುದೇರಿನಂಥ ಊರಿನಲ್ಲಿ ನಾಳೆ ಆಲಯ ಕಟ್ಟಿಸಬೇಕಾಗಿ ಬರುವ ಸಭಾಪಾಲಕರು ಶಿಖರದ ಎತ್ತರವನ್ನು ಗೊತ್ತುಮಾಡುವ ಮೊದಲು ನಿವೇಶನದಲ್ಲಿ ಜನರನ್ನು ಕೂರಿಸಿ, ಧ್ವನಿವರ್ಧಕವಿಲ್ಲದೆ ಒಂದು ಅಧ್ಯಾಯವನ್ನು ಓದಲಿ. ಹಿಂದಿನ ಸಾಲಿನ ಅಜ್ಜಿಗೆ ಎಲ್ಲಿಯವರೆಗೆ ಕೇಳಿಸಿತೋ ಅಲ್ಲಿ ಗೋಡೆಗೆ ಗುರುತು ಹಾಕಲಿ.